ತಾಂಡ್ಯದಿಂದ ಅರಮನೆಗೆ: ನಾಟ್ಯ ವಿದುಷಿ ಕೆ. ವೆಂಕಟಲಕ್ಷಮ್ಮ

ನಮ್ಮ ವಾಕಡ, ಹಿಂಜವಡಿ ಪರಿಸರದ ಅನೇಕ ಕನ್ನಡ ಮನೆಗಳಲ್ಲಿ ಮಕ್ಕಳು ಭರತನಾಟ್ಯ ಕಲಿಯುತ್ತಿದ್ದಾರೆ. ನೃತ್ಯದ ಉನ್ನತ ವ್ಯಾಸಂಗಕ್ಕಾಗಿ ಪರದೇಶಕ್ಕೆ ಹೊರಡುವ ಮಾತೂ ಈಗ ಅಪರೂಪವಲ್ಲ. ಹೊಸ ಊರು, ಹೊಸ ಭಾಷೆ, ಅಪರಿಚಿತ ಗುರು ಇವುಗಳ ನಡುವೆ ಮಗು ಹೇಗೆ ಹೊಂದಿಕೊಳ್ಳುವುದೋ ಎಂಬ ಚಿಂತೆ ಹೆತ್ತವರಿಗೆ ಸಹಜ. ನೂರು ವರ್ಷಗಳಿಗೂ ಹಿಂದೆ ಎಂಟು ವರ್ಷದ ಬಾಲೆಯೊಬ್ಬಳು ಇಂತಹುದೇ ಪ್ರಯಾಣ ಕೈಗೊಂಡಿದ್ದಳು. ಮೈಲಿಗಳ ಲೆಕ್ಕದಲ್ಲಿ ಅದು ಮೈಸೂರು ಸಂಸ್ಥಾನದ ಒಳಗಿನ ದಾರಿಯೇ. ಭಾಷೆ ಮತ್ತು ಬದುಕಿನ ಲೆಕ್ಕದಲ್ಲಿ ಮಾತ್ರ ಪರದೇಶವೇ ಸರಿ.

ವೆಂಕಟಲಕ್ಷಮ್ಮನವರು ಜನಿಸಿದ್ದು 1906ರ ಮೇ 29ರಂದು, ಕಡೂರಿನ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದಲ್ಲಿ. ಎಂಟನೆಯ ವಯಸ್ಸಿನಲ್ಲಿ ಅಜ್ಜ ಅಜ್ಜಿಯರು ಅವರನ್ನು ಮೈಸೂರಿನ ಆಸ್ಥಾನ ನರ್ತಕಿ ಜಟ್ಟಿ ತಾಯಮ್ಮನವರ ಗುರುಕುಲಕ್ಕೆ ಸೇರಿಸಿದರು. 1857ರಲ್ಲಿ ಜನಿಸಿದ ತಾಯಮ್ಮನವರು ಆಗ ಅರವತ್ತರ ಹತ್ತಿರದಲ್ಲಿದ್ದರು. ಅಭಿನಯದಲ್ಲಿ ಅವರದು ದೊಡ್ಡ ಹೆಸರು. ಇಂದು ನಾವು ಕಾಣುವ ಅಂಬಾವಿಲಾಸ ಅರಮನೆ 1912ರಲ್ಲಷ್ಟೇ ಪೂರ್ಣಗೊಂಡಿತ್ತು. ತಾಂಡ್ಯದ ಮಗುವಿನ ಕಣ್ಣಿಗೆ ಆ ನಗರ ಹೇಗೆ ಕಂಡಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ನೃತ್ಯವೆಂದರೆ ಹೆಜ್ಜೆ ಕಲಿತರೆ ಸಾಕೆಂದು ಭಾವಿಸುವವರು ಇಂದಿಗೂ ಇದ್ದಾರೆ. ಮೈಸೂರು ಸಂಪ್ರದಾಯದಲ್ಲಿ ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಅಲ್ಲಿ ಅಭಿನಯಕ್ಕೇ ಅಗ್ರಸ್ಥಾನ. ಪದ, ಜಾವಳಿಗಳು ಬಹುಮಟ್ಟಿಗೆ ತೆಲುಗಿನಲ್ಲಿ. ಅಮರುಶತಕ, ಕೃಷ್ಣಕರ್ಣಾಮೃತಗಳ ಶ್ಲೋಕಗಳು ಸಂಸ್ಕೃತದಲ್ಲಿ. ಒಂದೇ ಸಾಲನ್ನು ಹಾಡುತ್ತಿರುವಾಗ ನರ್ತಕಿ ಅದರ ಅರ್ಥವನ್ನು ಹತ್ತು ಬಗೆಯಾಗಿ ಮುಖದಲ್ಲಿಯೂ ಕೈಗಳಲ್ಲಿಯೂ ವಿಸ್ತರಿಸಬೇಕು. ಬಾಯಿಪಾಠದಿಂದ ಇದು ಸಾಧ್ಯವಿಲ್ಲ, ಭಾಷೆಯೇ ಒಳಗಿಳಿಯಬೇಕು. ಲಂಬಾಣಿ ಮನೆಯಿಂದ ಬಂದ ಹುಡುಗಿಗೆ ನಿಜವಾದ ವಲಸೆ ಇದೇ ಆಗಿತ್ತೆಂದು ನನಗೆ ತೋರುತ್ತದೆ. ಅವರು ದೇವೋತ್ತಮ ಜೋಯಿಸರು, ಶಾಂತಾಶಾಸ್ತ್ರಿಗಳು ಮತ್ತು ಗಿರಿಭಟ್ಟರಲ್ಲಿ ಸಂಸ್ಕೃತವನ್ನು, ಬಿ. ದೇವೇಂದ್ರಪ್ಪ ಮತ್ತು ಸಿ. ರಾಮರಾಯರಲ್ಲಿ ಸಂಗೀತವನ್ನು ಅಭ್ಯಾಸ ಮಾಡಿದರು. ಒಬ್ಬ ನರ್ತಕಿಯ ಶಿಕ್ಷಣಕ್ಕೆ ಇಷ್ಟೊಂದು ಗುರುಗಳು! ನಾಲ್ಕೇ ವರ್ಷಗಳಲ್ಲಿ, ಹನ್ನೆರಡನೆಯ ವಯಸ್ಸಿಗೆ, ಅವರ ರಂಗಪ್ರವೇಶವಾಯಿತು. ಮುಂದೆ ಅನೇಕ ವರ್ಷ ಗುರುವಿನ ಜೊತೆಯಲ್ಲಿಯೇ ನರ್ತಿಸಿದರು.

ಆ ಕಾಲದಲ್ಲಿ ಈ ವಿದ್ಯೆಗೆ ಮನ್ನಣೆಯಷ್ಟೇ ಅನುಮಾನವೂ ಇತ್ತೆಂಬುದನ್ನು ಮರೆಯಬಾರದು. ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ಮೈಸೂರು ಸರ್ಕಾರ 1909ರಲ್ಲಿಯೇ ನಿಲ್ಲಿಸಿತ್ತು. ಗೃಹಸ್ಥರು ತಮ್ಮ ಹೆಣ್ಣುಮಕ್ಕಳನ್ನು ನೃತ್ಯಕ್ಕೆ ಕಳುಹಿಸಲು ಹಿಂಜರಿಯುತ್ತಿದ್ದರು. ಉಳಿದ ದೊಡ್ಡ ಆಸರೆ ಅರಮನೆ. ವೆಂಕಟಲಕ್ಷಮ್ಮನವರು ಆಸ್ಥಾನ ವಿದುಷಿಯಾಗಿ ನಾಲ್ವಡಿ ಕೃಷ್ಣರಾಜ ಒಡೆಯರು, ಜಯಚಾಮರಾಜ ಒಡೆಯರು, ಹೀಗೆ ಇಬ್ಬರು ಅರಸರ ಕಾಲದಲ್ಲಿ ಸೇವೆ ಸಲ್ಲಿಸಿದರು.

1947ರಲ್ಲಿ ಗುರು ತಾಯಮ್ಮನವರು ಕಾಲವಾದರು. ಅದೇ ವರ್ಷ ದೇಶ ಸ್ವತಂತ್ರವಾಗಿ ಸಂಸ್ಥಾನವೂ ಭಾರತದಲ್ಲಿ ಸೇರಿತು. ಆಸ್ಥಾನದ ಆಶ್ರಯ ಕ್ರಮೇಣ ಕರಗಿದಾಗ ಶಿಷ್ಯೆಯಾಗಿ ಬಂದವರು ಗುರುವಿನ ಸ್ಥಾನದಲ್ಲಿ ನಿಲ್ಲಬೇಕಾಯಿತು. ಭಾರತೀಯ ನೃತ್ಯ ನಿಕೇತನವೆಂಬ ಶಾಲೆಯನ್ನು ತೆರೆದರು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗ ಆರಂಭವಾದಾಗ ಅದರ ಮೊದಲ ರೀಡರ್ ಆದರು. ಗುರುಮನೆಯ ವಿದ್ಯೆಯ ಬಲದ ಮೇಲೆಯೇ ದೊರೆತ ಹುದ್ದೆಯದು. ಪ್ರಮಾಣಪತ್ರಗಳನ್ನೇ ನೋಡಿ ಕೆಲಸ ಕೊಡುವ ನಮ್ಮ ಕಾಲಕ್ಕೆ ಇದು ಸೋಜಿಗ. 1974ರಲ್ಲಿ ನಿವೃತ್ತರಾಗುವವರೆಗೆ, ಹಿಂದೆ ನೃತ್ಯದ ಹತ್ತಿರ ಸುಳಿಯಲೂ ಅಂಜುತ್ತಿದ್ದಂತಹ ಮನೆಗಳ ಹೆಣ್ಣುಮಕ್ಕಳಿಗೂ ಅವರು ಅಭಿನಯ ಕಲಿಸಿದರು.

1964ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1992ರಲ್ಲಿ ಪದ್ಮಭೂಷಣ ಅವರಿಗೆ ಸಂದವು. ಮೈಸೂರು ಆಸ್ಥಾನದ ಕೊನೆಯ ನರ್ತಕಿಯೆಂದು ಗುರುತಿಸಲ್ಪಡುವ ಅವರು 2002ರ ಜುಲೈ 1ರಂದು ತಮ್ಮ 96ನೆಯ ವಯಸ್ಸಿನಲ್ಲಿ ನಿಧನರಾದರು. ಜೀವನವೆಲ್ಲ ಮೈಸೂರಿನವರೇ ಆಗಿದ್ದರೂ ಅವರ ಹೆಸರಿನ ಮೊದಲ ಅಕ್ಷರವಾಗಿ ಕಡೂರು ಕೊನೆಯವರೆಗೂ ಉಳಿಯಿತು.