ದಾಸ್ಯವಿಮೋಚಕಿ ಹ್ಯಾರಿಯೆಟ್ ಟಬ್ಮನ್

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ತೊತ್ತು, ಆಳು ಎಂದು ಕರೆಯಿಸಿಕೊಳ್ಳುತ್ತಿದ್ದವರನ್ನು ಅಯ್ಯ, ಅವ್ವ ಎಂದು ಕರೆದು ಪಂಕ್ತಿಯಲ್ಲಿ ಕುಳ್ಳಿರಿಸಿಕೊಂಡ ಶರಣರ ಚರಿತ್ರೆ ನಮ್ಮ ವಾಚಕರಿಗೆ ಹೊಸದಲ್ಲ. ಮಂತ್ರಿಪದವಿಯಲ್ಲಿದ್ದ ಬಸವಣ್ಣನವರು ತಮ್ಮನ್ನು ದಾಸದಾಸಿಯರ ಮಗನೆಂದು ಹೇಳಿಕೊಳ್ಳಲು ನಾಚಲಿಲ್ಲ. ಆ ತತ್ತ್ವವು ಸಪ್ತಸಾಗರಗಳಾಚೆ, ಬಸವಣ್ಣನವರ ಹೆಸರನ್ನೇ ಕೇಳದ, ಅಕ್ಷರವನ್ನರಿಯದ ಒಬ್ಬ ಹೆಣ್ಣುಮಗಳ ಬಾಳಿನಲ್ಲಿ ಹೇಗೆ ಮೈದಾಳಿತೆಂಬುದನ್ನು ಇಲ್ಲಿ ನಿರೂಪಿಸಲಾಗಿದೆ.

ಅಮೇರಿಕದ ಮೇರಿಲ್ಯಾಂಡ್ ಸಂಸ್ಥಾನದ ಡಾರ್ಚೆಸ್ಟರ್ ಪ್ರಾಂತದಲ್ಲಿ 1822ರ ಸುಮಾರಿಗೆ ಈಕೆಯ ಜನನವಾಯಿತು. ತಂದೆ ಬೆನ್ ರಾಸ್, ತಾಯಿ ರಿಟ್. ಇಬ್ಬರೂ ಆಫ್ರಿಕಾ ಮೂಲದ ಗುಲಾಮರು. ಮಗುವಿಗೆ ಇಟ್ಟ ಹೆಸರು ಅರಾಮಿಂಟಾ. ಆ ದೇಶದ ನ್ಯಾಯದಂತೆ ತಾಯಿ ಯಾರ ಸೊತ್ತೋ ಮಗುವೂ ಅವನ ಸೊತ್ತು. ಹೀಗೆ ಹುಟ್ಟಿದ ಗಳಿಗೆಯಿಂದಲೇ ಆಕೆ ಎಡ್ವರ್ಡ್ ಬ್ರೋಡೆಸ್ ಎಂಬವನ ದನಕರುಗಳ ಲೆಕ್ಕದಲ್ಲಿ ಸೇರಿಹೋದಳು. ಆರು ವರ್ಷದ ಪ್ರಾಯದಲ್ಲಿ ಅವಳನ್ನು ಪರರ ಮನೆಗೆ ಬಾಡಿಗೆಗೆ ಕೊಟ್ಟರು. ಚಳಿಗಾಲದಲ್ಲಿ ಸೊಂಟದುದ್ದ ಕೆಸರುನೀರಿನಲ್ಲಿ ನಿಂತು, ನೀರಿಲಿಗಳಿಗಾಗಿ ಒಡ್ಡಿದ ಬೋನುಗಳನ್ನು ನೋಡಿ ಬರುವುದು ಅವಳ ಕೆಲಸವಾಗಿತ್ತು. ಅಕ್ಕಂದಿರನ್ನು ಒಡೆಯನು ದಕ್ಷಿಣದ ವ್ಯಾಪಾರಿಗಳಿಗೆ ಮಾರಿದನು. ಅವರ ಮುಖವನ್ನು ಆ ಕುಟುಂಬವು ಮತ್ತೆ ಕಾಣಲಿಲ್ಲ.

ಇನ್ನೂ ಎಳೆಯ ಪ್ರಾಯದಲ್ಲಿದ್ದಾಗ ಬಕ್‌ಟೌನ್ ಎಂಬ ಊರಿನ ಅಂಗಡಿಯಲ್ಲಿ ಒಂದು ಪ್ರಸಂಗ ನಡೆಯಿತು. ಅಪ್ಪಣೆಯಿಲ್ಲದೆ ಹೊಲ ಬಿಟ್ಟು ಬಂದಿದ್ದ ಗುಲಾಮನೊಬ್ಬನನ್ನು ಕಟ್ಟಲು ಮೇಸ್ತ್ರಿಯು ಅವಳನ್ನು ಕರೆದನು. ಅವಳು ಒಲ್ಲೆನೆಂದಳು. ಓಡಿದ ಆಳಿಗೆ ಗುರಿಯಿಟ್ಟು ಅವನು ಎಸೆದ ಎರಡು ಪೌಂಡಿನ ತೂಕದ ಕಲ್ಲು ಇವಳ ತಲೆಗೆ ತಗಲಿತು. ಮದ್ದಿಲ್ಲ, ವೈದ್ಯರಿಲ್ಲ, ಎರಡು ದಿನದೊಳಗೆ ಮತ್ತೆ ಹೊಲಕ್ಕೆ ಅಟ್ಟಿದರು. ಮಾತನಾಡುತ್ತಿರುವಂತೆಯೇ ಗಾಢನಿದ್ರೆಗೆ ಜಾರುವ ಬೇನೆಯು ಆ ದಿನದಿಂದ ಜೀವಮಾನದುದ್ದಕ್ಕೂ ಅವಳನ್ನು ಬಿಡಲಿಲ್ಲ. ಆ ನಿದ್ರೆಯಲ್ಲಿ ದರ್ಶನಗಳಾಗುತ್ತವೆಂದೂ, ಪರಮಾತ್ಮನು ತನಗೆ ದಾರಿ ತೋರುತ್ತಾನೆಂದೂ ಅವಳು ನಂಬಿದ್ದಳು. ಇದು ಗಾಯದ ಫಲವೋ ಭಕ್ತಿಯ ಫಲವೋ ಎಂಬ ಚರ್ಚೆಯಲ್ಲಿ ನಮಗೆ ಆಸಕ್ತಿಯಿಲ್ಲ. ಆ ನಂಬಿಕೆಯಿಂದ ಅವಳು ಮಾಡಿದ ಕೆಲಸ ಎಲ್ಲರ ಕಣ್ಣಮುಂದಿದೆ.

1844ರ ಸುಮಾರಿಗೆ ಸ್ವತಂತ್ರನಾಗಿದ್ದ ಜಾನ್ ಟಬ್ಮನ್ ಎಂಬವನನ್ನು ವಿವಾಹವಾಗಿ ಹ್ಯಾರಿಯೆಟ್ ಎಂಬ ಹೆಸರನ್ನು ಧರಿಸಿದಳು. 1849ರಲ್ಲಿ ಬ್ರೋಡೆಸನು ಸತ್ತನು. ಸಾಲ ತೀರಿಸಲು ಆಳುಗಳನ್ನು ಮಾರುವರೆಂಬ ಸುದ್ದಿ ಹಬ್ಬಿತು. ಸೆಪ್ಟೆಂಬರಿನಲ್ಲಿ ಇಬ್ಬರು ತಮ್ಮಂದಿರೊಡನೆ ಅವಳು ಓಡಿದಳು. ಹಿಡಿದುಕೊಟ್ಟವರಿಗೆ ಬಹುಮಾನವೆಂದು ಒಡತಿಯು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಳು: ಸಂಸ್ಥಾನದ ಹೊರಗೆ ಸಿಕ್ಕರೆ ತಲೆಗೆ 100 ಡಾಲರ್, ಒಳಗೆ ಸಿಕ್ಕರೆ 50. ತಮ್ಮಂದಿರು ಹೆದರಿ ಹಿಂದಿರುಗಿದರು, ಅವಳನ್ನೂ ಹಿಂದಕ್ಕೆ ಎಳೆತಂದರು. ಸ್ವಲ್ಪ ದಿನಗಳಲ್ಲಿಯೇ ಒಬ್ಬಳೇ ಹೊರಟಳು. ಕ್ವೇಕರ್ ಎಂಬ ಕ್ರೈಸ್ತಪಂಥದ ದಯಾವಂತರು ದಾರಿಯಲ್ಲಿ ಆಸರೆಯಾದರು. ಹಗಲು ಅಡಗಿ, ಇರುಳು ಧ್ರುವನಕ್ಷತ್ರವನ್ನು ನೋಡುತ್ತ ಸುಮಾರು 90 ಮೈಲಿಗಳನ್ನು ಕ್ರಮಿಸಿ ಪೆನ್ಸಿಲ್ವೇನಿಯಾ ಸಂಸ್ಥಾನವನ್ನು ಸೇರಿದಳು. ಅಲ್ಲಿ ಗುಲಾಮಗಿರಿ ಇರಲಿಲ್ಲ. ಆದರೆ ಬಿಡುಗಡೆಯ ಆ ನೆಲದಲ್ಲಿ ತನ್ನವರೆನ್ನುವವರು ಒಬ್ಬರೂ ಇಲ್ಲವೆಂಬ ಅರಿವು ಅವಳನ್ನು ಕಾಡಿತು. ತಾನೊಬ್ಬಳು ಪಾರಾಗಿ ಉಳಿದವರು ಬಂಧನದಲ್ಲಿದ್ದರೆ ಅದು ಮುಕ್ತಿಯಲ್ಲವೆಂದು ಅವಳಿಗೆ ತೋರಿತು.

ಅಷ್ಟರಲ್ಲಿ, 1850ರ ಸೆಪ್ಟೆಂಬರಿನಲ್ಲಿ, ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಹೊಸ ಕಾಯಿದೆ ಜಾರಿಗೆ ಬಂದಿತು. 1793ರಲ್ಲಿಯೇ ಇಂಥ ಕಾಯಿದೆಯೊಂದಿದ್ದರೂ ಉತ್ತರದ ಜನರು ಅದನ್ನು ಲಕ್ಷಿಸುತ್ತಿರಲಿಲ್ಲ. ಹೊಸ ಕಾಯಿದೆಯ ಕ್ರೌರ್ಯವು ವಿವರಕ್ಕೆ ತಕ್ಕದ್ದು. ಹಿಡಿಯಲ್ಪಟ್ಟವನಿಗೆ ತನ್ನ ಪರವಾಗಿ ಸಾಕ್ಷಿ ನುಡಿಯುವ ಹಕ್ಕಿಲ್ಲ, ಪಂಚರ ವಿಚಾರಣೆಯಿಲ್ಲ. ಅಧಿಕಾರಿಯು ಅವನನ್ನು ಒಡೆಯನಿಗೆ ಒಪ್ಪಿಸಿದರೆ 10 ಡಾಲರ್ ಶುಲ್ಕ, ಬಿಟ್ಟುಬಿಟ್ಟರೆ 5 ಡಾಲರ್. ಆಶ್ರಯ ಕೊಟ್ಟವನಿಗೆ 1000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆಮನೆ. ಕರೆದಾಗ ಬಂದು ಹಿಡಿಯಲು ನೆರವಾಗುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ. ಮನೆಬಾಗಿಲಿಗೆ ಬಂದ ಹಸಿದವನಿಗೆ ಅನ್ನವಿಕ್ಕುವುದನ್ನು ಅಪರಾಧವೆಂದು ಸಾರಿದ ಈ ಕಾಯಿದೆಯು ದಾಸೋಹಕ್ಕೇ ದಂಡ ಹಾಕಿದಂತೆ ಎಂದರೆ ನಮ್ಮ ಜನರಿಗೆ ಅದರ ಸ್ವರೂಪ ತಿಳಿದೀತು.

ಇದು ದೂರದ ದೇಶದ ಕಥೆ ಮಾತ್ರವೆಂದು ಭಾವಿಸಬಾರದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಅಡವಿಗಳಲ್ಲಿ ನೆಲೆಸಿರುವ ಸಿದ್ದಿ ಜನರಲ್ಲಿ ಅನೇಕರ ಪೂರ್ವಜರು ಗೋವೆಯ ಪೋರ್ಚುಗೀಸ್ ಒಡೆಯರಿಂದ ತಪ್ಪಿಸಿಕೊಂಡು ಘಟ್ಟವನ್ನು ಸೇರಿದವರು. ಬ್ರಿಟಿಷ್ ಇಂಡಿಯಾದಲ್ಲಿ ಮುಂಗಡ ಹಣ ಪಡೆದು ಕೆಲಸ ಬಿಟ್ಟುಹೋದ ಆಳನ್ನು ಸೆರೆಗೆ ಕಳುಹಿಸಲು 1859ರ ಕಾಯಿದೆಯೊಂದು ಎಡೆಗೊಟ್ಟಿತ್ತು. ಇನ್ನು ದೇವದುರ್ಗ, ಮಾನ್ವಿ ಸೀಮೆಯ ಹಿರಿಯರಿಗೆ ಜೀತವೆಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1976ರಲ್ಲಿ ಭಾರತ ಸರ್ಕಾರವು ಜೀತಪದ್ಧತಿಯನ್ನು ರದ್ದುಗೊಳಿಸಿದ ಕಾಯಿದೆಯಲ್ಲಿ ಹೆಸರಿಸಿದ ಪದ್ಧತಿಗಳ ಪಟ್ಟಿಯಲ್ಲಿ ಜೀತವೂ ಇದೆ, ಹೈದರಾಬಾದು ಸೀಮೆಯ ಭಗೇಲಾವೂ ಇದೆ.

ಕಾಯಿದೆ ಬಂದ ಮೇಲೆ ಹ್ಯಾರಿಯೆಟ್ಟಳು ಹೆದರಿ ಕುಳಿತುಕೊಳ್ಳಲಿಲ್ಲ. ಅಡಿಗೆ, ಮುಸುರೆಗಳ ಕೂಲಿಯಿಂದ ಉಳಿಸಿದ ಹಣವನ್ನೇ ದಾರಿಯ ಖರ್ಚಿಗೆ ಇಟ್ಟುಕೊಂಡು ಮೇರಿಲ್ಯಾಂಡಿಗೆ ಹಿಂದಿರುಗತೊಡಗಿದಳು. 1850ರ ಡಿಸೆಂಬರಿನಲ್ಲಿ ಆಕೆಯ ಅಕ್ಕನ ಮಗಳು ಕೆಸೈಯಾ ಮತ್ತು ಅವಳ ಇಬ್ಬರು ಮಕ್ಕಳನ್ನು ಕೇಂಬ್ರಿಜ್ ಪಟ್ಟಣದ ನ್ಯಾಯಾಲಯದ ಮುಂದೆ ಹರಾಜಿಗೆ ನಿಲ್ಲಿಸಿದರು. ಸ್ವತಂತ್ರನಾಗಿದ್ದ ಕೆಸೈಯಾಳ ಗಂಡನೇ ಸವಾಲು ಕೂಗಿದನು. ಹಣ ಸಲ್ಲಿಸುವ ಹೊತ್ತಿಗೆ ಹೆಂಡತಿ ಮಕ್ಕಳೊಡನೆ ಮರೆಯಾಗಿ, ದೋಣಿಯಲ್ಲಿ ಬಾಲ್ಟಿಮೋರನ್ನು ಸೇರಿದನು. ಅಲ್ಲಿ ಕಾದಿದ್ದ ಹ್ಯಾರಿಯೆಟ್ಟಳು ಅವರನ್ನು ಮುಂದಕ್ಕೆ ಕರೆದೊಯ್ದಳು. ಮರುವರ್ಷ ಗಂಡನನ್ನು ಕರೆತರಲೆಂದು ಹೋದಾಗ ಅವನು ಬೇರೊಬ್ಬಳನ್ನು ಕಟ್ಟಿಕೊಂಡಿದ್ದನು. ಆ ದುಃಖವನ್ನು ನುಂಗಿಕೊಂಡು, ಹೊರಡಲು ಸಿದ್ಧರಿದ್ದ ಬೇರೆಯವರನ್ನು ಕೂಡಿಸಿಕೊಂಡು ಬಂದಳು.

ಹೊಸ ಕಾಯಿದೆಯಿಂದ ಉತ್ತರ ಸಂಸ್ಥಾನಗಳಲ್ಲಿಯೂ ನೆಲೆ ತಪ್ಪಿದ ಕಾರಣ, ತನ್ನವರನ್ನು ಕೆನಡಾದ ಸೇಂಟ್ ಕ್ಯಾಥರೀನ್ಸ್ ಪಟ್ಟಣದವರೆಗೆ ಒಯ್ಯಬೇಕಾಯಿತು. ವಿಲ್ಮಿಂಗ್ಟನ್ನಿನ ತಾಮಸ್ ಗ್ಯಾರೆಟ್, ಫಿಲಡೆಲ್ಫಿಯಾದ ವಿಲಿಯಂ ಸ್ಟಿಲ್ ಮೊದಲಾದವರು ಈ ಗುಪ್ತಮಾರ್ಗದ ಆಧಾರಸ್ತಂಭಗಳು. ಸಾಮಾನ್ಯವಾಗಿ ಶನಿವಾರ ರಾತ್ರಿ ಹೊರಡುವುದು ಆಕೆಯ ಪದ್ಧತಿ. ಸೋಮವಾರಕ್ಕೆ ಮುಂಚೆ ಪ್ರಕಟಣೆ ಅಚ್ಚಾಗುವಂತಿರಲಿಲ್ಲ. ಸೊಂಟದಲ್ಲಿ ಪಿಸ್ತೂಲು ಇರುತ್ತಿತ್ತು. ನಡುದಾರಿಯಲ್ಲಿ ಅಂಜಿ ಹಿಂದಿರುಗುತ್ತೇನೆಂದವನಿಗೆ ಅದನ್ನು ತೋರಿಸಿ ಮುಂದೆ ನಡೆಸಿದ್ದುಂಟು. ಒಬ್ಬನು ಹಿಂದಿರುಗಿದರೆ ಎಲ್ಲರ ಗುಟ್ಟೂ ರಟ್ಟಾಗುತ್ತಿತ್ತು. ದಯೆಯನ್ನೇ ಧರ್ಮದ ಮೂಲವೆಂದು ನಂಬಿದ ನಮಗೆ ಇದು ಸುಲಭವಾಗಿ ಒಪ್ಪಿಗೆಯಾಗುವ ಮಾತಲ್ಲ, ಅದನ್ನು ಮುಚ್ಚಿಟ್ಟು ಹೇಳುವುದೂ ಸರಿಯಲ್ಲ.

1854ರ ಕ್ರಿಸ್ಮಸ್ ದಿನದ ಸಂಗತಿ ಆಕೆಯ ಚರಿತ್ರೆಯಲ್ಲಿಯೇ ಮರೆಯಲಾಗದ್ದು. ಹಬ್ಬ ಕಳೆದ ಮರುದಿನವೇ ಮೂವರು ಸಹೋದರರನ್ನು ಮಾರುವರೆಂದು ತಿಳಿದು ಅವಳು ಬಂದಿದ್ದಳು. ತಂದೆ ತಾಯಿಗಳ ಗುಡಿಸಲಿನ ಬಳಿ ಮೇವಿನ ಕೊಟ್ಟಿಗೆಯಲ್ಲಿ ಎಲ್ಲರೂ ಅಡಗಿದರು. ಮಕ್ಕಳು ಹಬ್ಬದೂಟಕ್ಕೆ ಬರುವರೆಂದು ತಾಯಿಯು ಅಡಿಗೆ ಮಾಡಿ ಬಾಗಿಲು ಕಾಯುತ್ತಿದ್ದಳು. ಅವಳಿಗೆ ತಿಳಿಸಿದರೆ ಅತ್ತು ಕೂಗಿ ನೆರೆಹೊರೆಗೆ ಸುಳಿವು ಸಿಕ್ಕೀತೆಂದು ಹೇಳಲಿಲ್ಲ. ಮಕ್ಕಳು ಸಂದಿಯಲ್ಲಿ ಇಣುಕಿ, ಒಲೆಯ ಮುಂದೆ ಕುಳಿತ ತಾಯಿಯ ಮುಖವನ್ನಷ್ಟೇ ನೋಡಿ ಕಣ್ಣೀರು ಹಾಕಿದರು. ತಂದೆ ಬೆನ್ನನಿಗೆ ಮಾತ್ರ ಗುಟ್ಟು ಗೊತ್ತಿತ್ತು. ಅವನು ಕೊಟ್ಟಿಗೆಗೆ ಬುತ್ತಿ ತಂದನು, ಆದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಂದನು. ಹೊರಡುವಾಗಲೂ ಹಾಗೆಯೇ ಮಕ್ಕಳ ತೋಳು ಹಿಡಿದು ಸ್ವಲ್ಪ ದೂರ ಬಂದು, ಕಾಲ ಸಪ್ಪಳ ಅಡಗುವವರೆಗೆ ದಾರಿಯಲ್ಲಿ ನಿಂತನು. ಹುಡುಕುತ್ತ ಬಂದವರಿಗೆ ಮಕ್ಕಳನ್ನು ಕಣ್ಣಿಂದ ಕಂಡಿಲ್ಲವೆಂದು ಹೇಳಿದನು. ಸತ್ಯವ್ರತನೆಂದು ಹೆಸರಾಗಿದ್ದ ಅವನ ಮಾತನ್ನು ಅವರು ನಂಬಿದರು. ಇದು ಸತ್ಯವೋ ಸತ್ಯದ ಆಭಾಸವೋ ಎಂದು ಪಂಡಿತರು ವಾದಿಸಬಹುದು. ಆದರೆ ನಾಲಗೆಗೆ ಹುಸಿ ತಾಕಬಾರದೆಂದು ಅಗಲುವ ಮಕ್ಕಳ ಮುಖದರ್ಶನವನ್ನೇ ಬಿಟ್ಟುಕೊಟ್ಟ ಆ ಮುದುಕನ ಮುಂದೆ ಈ ಲೇಖಕನಿಗೆ ವಾದ ಮಾಡುವ ಮನಸ್ಸಿಲ್ಲ.

1857ರಲ್ಲಿ ವೃದ್ಧ ತಂದೆ ತಾಯಿಗಳನ್ನೂ ಕರೆತಂದಳು. ಹತ್ತು ವರ್ಷಗಳಲ್ಲಿ ಆಕೆಯು ಮುನ್ನೂರು ಜನರನ್ನು ಬಿಡಿಸಿದಳೆಂದೂ, ಆಕೆಯ ತಲೆಗೆ 40,000 ಡಾಲರ್ ಬಹುಮಾನವಿತ್ತೆಂದೂ ಹಳೆಯ ಪುಸ್ತಕಗಳು ಹೇಳುತ್ತವೆ. ಈಚಿನ ಸಂಶೋಧಕರು ಸುಮಾರು 13 ಸಲ ಹೋಗಿ 70 ಜನರನ್ನು ಕರೆತಂದಳೆಂದು ನಿರ್ಣಯಿಸಿದ್ದಾರೆ. ಬಹುಮಾನದ ಮಾತು ಕಲ್ಪಿತವಾದುದು. ಎಪ್ಪತ್ತು ಎಂಬುದು ಸಣ್ಣ ಸಂಖ್ಯೆಯಲ್ಲ. ತಂಗಿ ರೇಚಲಳನ್ನು ಮಾತ್ರ ಬಿಡಿಸಲಾಗಲಿಲ್ಲ. 1860ರ ಕೊನೆಗೆ ಆಕೆ ಹೋದಾಗ ರೇಚಲಳು ತೀರಿಕೊಂಡಿದ್ದಳು. ಅವಳ ಮಕ್ಕಳನ್ನು ತರಲು ಲಂಚ ಕೊಡಬೇಕಾಗಿದ್ದ 30 ಡಾಲರ್ ಕೈಯಲ್ಲಿರಲಿಲ್ಲ. ಮಕ್ಕಳು ಅಲ್ಲಿಯೇ ಉಳಿದರು.

ಕಾಯಿದೆಯ ವಿರೋಧವು ಆಕೆಯೊಬ್ಬಳದೇ ಆಗಿರಲಿಲ್ಲ. 1851ರಲ್ಲಿ ಸಿರಾಕ್ಯೂಸ್ ನಗರದ ಜನರು ಸೆರೆಯ ಬಾಗಿಲು ಒಡೆದು ಜೆರ್ರಿ ಎಂಬವನನ್ನು ಬಿಡಿಸಿದರು. 1854ರಲ್ಲಿ ಆಂಟನಿ ಬರ್ನ್ಸನನ್ನು ಬೋಸ್ಟನ್ನಿನಿಂದ ಹಿಂದಕ್ಕೆ ಒಯ್ಯಲು ಸರ್ಕಾರಕ್ಕೆ ಸೈನ್ಯವೇ ಬೇಕಾಯಿತು. 1860ರ ಏಪ್ರಿಲ್ 27ರಂದು ಟ್ರಾಯ್ ಪಟ್ಟಣದಲ್ಲಿ ಚಾರ್ಲ್ಸ್ ನ್ಯಾಲಿಯನ್ನು ಒಯ್ಯುತ್ತಿದ್ದಾಗ, ಮುದುಕಿಯಂತೆ ವೇಷ ಹಾಕಿದ್ದ ಹ್ಯಾರಿಯೆಟ್ಟಳು ಜನರ ನಡುವೆ ನುಗ್ಗಿ ಅವನನ್ನು ಅಪ್ಪಿ ಹಿಡಿದಳು. ಪೋಲೀಸರ ದೊಣ್ಣೆಯ ಏಟುಗಳು ಬಿದ್ದರೂ ಹಿಡಿತ ಸಡಿಲಿಸಲಿಲ್ಲ. ಕೊನೆಗೆ ಅವನು ಪಾರಾದನು.

ಅಂತರ್ಯುದ್ಧದಲ್ಲಿ ದಾದಿಯಾಗಿಯೂ ಗೂಢಚಾರಳಾಗಿಯೂ ದುಡಿದಳು. 1863ರ ಜೂನ್ 2ರಂದು ಕಂಬಾಹಿ ನದಿಯ ದಂಡಯಾತ್ರೆಗೆ ದಾರಿ ತೋರಿದಳು. ಏಳುನೂರಕ್ಕೂ ಹೆಚ್ಚು ಜನರು ಆ ಒಂದೇ ದಿನ ಬಿಡುಗಡೆ ಹೊಂದಿದರು. 1864ರಲ್ಲಿ ಹಿಡಿದೊಪ್ಪಿಸುವ ಕಾಯಿದೆ ರದ್ದಾಯಿತು, 1865ರ ಡಿಸೆಂಬರಿನಲ್ಲಿ ಗುಲಾಮಗಿರಿಯೇ ಸಂವಿಧಾನದಿಂದ ನಿಷಿದ್ಧವಾಯಿತು. ಯುದ್ಧಸೇವೆಗಾಗಿ ಆಕೆಗೆ ನಿವೃತ್ತಿವೇತನ ದೊರಕಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 1899ರಲ್ಲಿ ತಿಂಗಳಿಗೆ 20 ಡಾಲರ್ ಎಂದು ಗೊತ್ತಾಯಿತು.

ನ್ಯೂಯಾರ್ಕ್ ಸಂಸ್ಥಾನದ ಆಬರ್ನ್ ಊರಿನ ಆಕೆಯ ಮನೆಯು ಅನಾಥರಿಗೂ ಮುದುಕರಿಗೂ ತೆರೆದೇ ಇತ್ತು. ಕೂಲಿಯಿಂದ, ತರಕಾರಿ ಬೆಳೆದು ಮಾರಿದ್ದರಿಂದ ಬಂದುದು ಬಂದವರ ಊಟಕ್ಕೇ ಸಾಲುತ್ತಿರಲಿಲ್ಲ. ಕೊನೆಗೆ ವೃದ್ಧಾಶ್ರಮಕ್ಕೆಂದು ಕೊಂಡ ಭೂಮಿಯನ್ನು 1903ರಲ್ಲಿ ಚರ್ಚಿಗೆ ಒಪ್ಪಿಸಿದಳು. ಆಶ್ರಮವು 1908ರಲ್ಲಿ ತೆರೆಯಿತು. ಒಳಗೆ ಸೇರುವವರು 100 ಡಾಲರ್ ಕಟ್ಟಬೇಕೆಂದು ವ್ಯವಸ್ಥಾಪಕರು ನಿಯಮ ಮಾಡಿದಾಗ ಆಕೆ ಬಹಳ ನೊಂದುಕೊಂಡಳು; ಕೈಯಲ್ಲಿ ಏನೂ ಇಲ್ಲದವರಿಗೇ ಪ್ರವೇಶವಿರಬೇಕೆಂಬುದು ಆಕೆಯ ಇಚ್ಛೆಯಾಗಿತ್ತು. 1911ರಲ್ಲಿ ತಾನೂ ಏನೂ ಇಲ್ಲದವಳಾಗಿ ಅದೇ ಆಶ್ರಮವನ್ನು ಸೇರಿ, 1913ರ ಮಾರ್ಚ್ 10ರಂದು ಅಲ್ಲಿಯೇ ದೇಹವಿಟ್ಟಳು.