ಬೀಸುವ ಕಲ್ಲಿನ ತ್ರಿಪದಿಯಲ್ಲಿ ಪುರಾಣ ಬರೆದ ಜಯದೇವಿತಾಯಿ

ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಮನೆಗಳಿಗೆ ಇದು ಹೊಸ ಮಾತಲ್ಲ. ಹೀಗೆಯೇ ಬೆಳೆದ ಹೆಣ್ಣುಮಗಳೊಬ್ಬರು ಮುಂದೆ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ಅವರೇ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ.

1912ರಲ್ಲಿ ಸೊಲ್ಲಾಪುರದ ಮಡಕಿ ಮನೆತನದಲ್ಲಿ ಅವರ ಜನನ. ಓದಿದ್ದು ಮರಾಠಿ ಶಾಲೆಯಲ್ಲಿ. ಚಿಕ್ಕ ವಯಸ್ಸಿನಲ್ಲೇ ಲಿಗಾಡೆ ಮನೆತನದ ಸೊಸೆಯಾದರು. ಸಂಸಾರದ ನಡುವೆಯೇ ಎರಡೂ ಭಾಷೆಗಳಲ್ಲಿ ಬರೆಯತೊಡಗಿದರು.

ಸೊಲ್ಲಾಪುರದ ಆರಾಧ್ಯ ದೈವವಾದ 12ನೇ ಶತಮಾನದ ಶರಣ ಸಿದ್ಧರಾಮರ ಚರಿತ್ರೆಯನ್ನು ಬರೆಯಲು ತಾಯಿಯವರು ಆರಿಸಿಕೊಂಡದ್ದು ತ್ರಿಪದಿಯನ್ನು. ಅವರ 'ಸಿದ್ಧರಾಮ ಪುರಾಣ'ದಲ್ಲಿ 4 ಸಾವಿರಕ್ಕೂ ಹೆಚ್ಚು ತ್ರಿಪದಿಗಳಿವೆ.

ತ್ರಿಪದಿ ಎಂದರೆ ಮೂರು ಸಾಲಿನ ಪದ್ಯ. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ, ಕೊನೆಯ ಸಾಲಿಗೆ ಮೂರು. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಹೇಳುವುದರಿಂದ ಕಿವಿಗೆ ನಾಲ್ಕು ಸಾಲಿನಂತೆ ಕೇಳುತ್ತದೆ. ಕ್ರಿ.ಶ. 700ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿ ಇದೆ. ಅಕ್ಷರ ಕಲಿಯದ ತಾಯಂದಿರು ಬೀಸುವ ಕಲ್ಲಿನ ಮುಂದೆ ಕುಳಿತು ಇದನ್ನು ಉಳಿಸಿದರು. ಒಂದೊಂದು ಪದವೂ ತನ್ನಲ್ಲೇ ಪೂರ್ತಿ. ಹೀಗಾಗಿ ನೆನಪಿಡುವುದು ಸುಲಭ, ಕಟ್ಟುವುದೂ ಸುಲಭ.

ಗಡಿಭಾಗದವರಿಗೆ ಇದರ ನೆಂಟಸ್ತನ ಬೇಗ ತಿಳಿಯುತ್ತದೆ. ಮರಾಠಿ ಹೆಣ್ಣುಮಕ್ಕಳು ಅದೇ ಕಲ್ಲಿನ ಮುಂದೆ ಓವಿ ಹಾಡಿದರು. ಜ್ಞಾನೇಶ್ವರಿಯ ಓವಿಯಲ್ಲಿ ಮೊದಲ ಮೂರು ಸಾಲುಗಳಿಗೆ ಕೊನೆಯಲ್ಲಿ ಪ್ರಾಸ, ನಾಲ್ಕನೆಯ ಸಾಲು ಗಿಡ್ಡ. ಕನ್ನಡ ತ್ರಿಪದಿಯ ಪ್ರಾಸ ಸಾಲಿನ ಆರಂಭದಲ್ಲಿ, ಎರಡನೆಯ ಅಕ್ಷರಕ್ಕೆ. ಕೊನೆಯ ಸಾಲು ಗಿಡ್ಡವಾಗುವುದು ಮಾತ್ರ ಎರಡರಲ್ಲೂ ಒಂದೇ.

ತಾಯಿಯವರು ಈ ಎರಡೂ ದಾರಿ ಬಲ್ಲವರು. ಸಿದ್ಧರಾಮರ ತ್ರಿವಿಧಿಗಳನ್ನೂ ಬಸವಣ್ಣನವರ ವಚನಗಳನ್ನೂ ಮರಾಠಿಗೆ ತಂದರು. ಮರಾಠಿಯನ್ನು ದೂರ ಮಾಡದೆಯೇ ಕನ್ನಡಕ್ಕಾಗಿ ಹೋರಾಡಿದರು.

ಕರ್ನಾಟಕ ಏಕೀಕರಣಕ್ಕೆ ದುಡಿದ ಅವರ ಆಸೆ ಪೂರ್ತಿ ಕೈಗೂಡಲಿಲ್ಲ. 1956ರಲ್ಲಿ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಅದೇ ವರ್ಷ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ ತಾಲೂಕುಗಳೂ ಆ ರಾಜ್ಯಕ್ಕೆ ಸೇರಿದವು.

1974ರಲ್ಲಿ ಮಂಡ್ಯದಲ್ಲಿ ನಡೆದ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಕೊನೆಯ ದಿನಗಳನ್ನು ಉಮರ್ಗಾ, ನಿಲಂಗಾಗಳ ನೆರೆಯ ಬಸವಕಲ್ಯಾಣದಲ್ಲಿ ಕಳೆದರು. 1986ರಲ್ಲಿ ಲಿಂಗೈಕ್ಯರಾದರು.

ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು, ಅದರ ಜೊತೆ ಪದಗಳೂ ಕಡಿಮೆಯಾದವು. ತಾಯಿಯವರ ತ್ರಿಪದಿಗಳು ಬರಹದಲ್ಲಿ ಉಳಿದಿವೆ. ನಮ್ಮ ಅಜ್ಜಿಯರ ಬಾಯಲ್ಲಿರುವ ಪದಗಳು ಇನ್ನೂ ಬರಹಕ್ಕೆ ಇಳಿಯಬೇಕಿದೆ. ಕನ್ನಡ ಅಕ್ಷರ ಬರದಿದ್ದರೆ ದೇವನಾಗರಿಯಲ್ಲಾದರೂ ಬರೆದಿಟ್ಟರೆ ಅವು ಉಳಿದಾವು.