ಶಿಲೆಗಳಿಗೆ ಕಿವಿಗೊಟ್ಟ ಗುರು: ವಂದನೀಯ ಫಾದರ್ ಹೆನ್ರಿ ಹೆರಾಸ್

ಚಾರಿತ್ರಿಕ ಕಿತ್ತೂರಿನಿಂದ ಕೆಲವೇ ಕಿಲೋಮೀಟರು ದೂರದಲ್ಲಿ ದೇಗಾಂವ ಎಂಬ ಗ್ರಾಮವಿದೆ. ಅಲ್ಲಿಯ ಕಮಲನಾರಾಯಣ ದೇವಾಲಯವು ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದುದು. ತಿಪ್ಪೋಜನೆಂಬ ಶಿಲ್ಪಿಯ ಕೈಚಳಕದಿಂದ ಮೂಡಿದ ಮೂರು ಗರ್ಭಗುಡಿಗಳ ಈ ಕಟ್ಟಡವು ಬೆಳಗಾವಿ ಸೀಮೆಯ ಹೆಮ್ಮೆಯಾಗಿದೆ. ಕಿತ್ತೂರಿನ ಕೋಟೆಯನ್ನು ನೋಡಲು ಬರುವ ನಮ್ಮ ಕುಟುಂಬಗಳಲ್ಲಿ ಈ ಗುಡಿಯವರೆಗೂ ಹೋಗುವವರು ವಿರಳ. ಹೋದವರೂ ಇದು ಅನ್ಯರದೆಂದು ಹೊರಗಿನಿಂದಲೇ ನೋಡಿ ಮರಳುವುದುಂಟು. ಆದರೆ ಈ ಗುಡಿಯನ್ನು ಕಟ್ಟಿಸಿದ ಕದಂಬ ಕುಲದ ಕಥೆಯನ್ನು ಲೋಕದ ವಿದ್ವಾಂಸರ ಮುಂದಿಡುವ ಕಾರ್ಯದ ಹಿಂದೆ ನಮ್ಮದೇ ಧರ್ಮಸಭೆಯ ಒಬ್ಬ ಗುರುವಿನ ಶ್ರಮವಿತ್ತೆಂಬುದನ್ನು ಬಲ್ಲವರು ಇನ್ನೂ ವಿರಳ. ಆ ಗುರುವೇ ಯೇಸುಸಭೆಯ ವಂದನೀಯ ಫಾದರ್ ಹೆನ್ರಿ ಹೆರಾಸ್.

ಹೆರಾಸರು ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ 1888ರ ಸೆಪ್ಟೆಂಬರ್ 11ರಂದು ಜನಿಸಿದರು. 1904ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ಯೇಸುಸಭೆಯನ್ನು ಸೇರಿದರು. ಮುಂಬಯಿಯಲ್ಲಿ ಅದುವರೆಗೆ ಸೇವೆ ಸಲ್ಲಿಸುತ್ತಿದ್ದ ಜರ್ಮನ್ ಗುರುಗಳು ಮೊದಲನೆಯ ಮಹಾಯುದ್ಧದ ದೆಸೆಯಿಂದ ದೇಶವನ್ನು ಬಿಡಬೇಕಾಗಿ ಬಂದಿತು. ಆ ಸ್ಥಾನವನ್ನು ತುಂಬಲು ಸ್ಪೇನಿನ ಯೇಸುಸಭೆಯವರು ಮುಂದಾದರು. ಹೀಗೆ 1922ರಲ್ಲಿ ಹೆರಾಸರು ಮುಂಬಯಿಯ ಸಂತ ಝೇವಿಯರ್ ಕಾಲೇಜಿಗೆ ಇತಿಹಾಸದ ಅಧ್ಯಾಪಕರಾಗಿ ಬಂದರು.

ಬಂದ ಹೊಸತರಲ್ಲಿ ನಡೆದ ಒಂದು ಸಂಗತಿಯನ್ನು ಅವರ ಬಳಗದವರು ಬಹುಕಾಲ ನೆನೆಯುತ್ತಿದ್ದರು. ಯಾವ ಇತಿಹಾಸವನ್ನು ಬೋಧಿಸುವಿರಿ ಎಂದು ಹಿರಿಯರು ವಿಚಾರಿಸಲು, ಭಾರತದ ಇತಿಹಾಸವನ್ನೆಂದು ಅವರು ಹೇಳಿದರಂತೆ. ಅದರಲ್ಲಿ ನಿಮಗೆಷ್ಟು ಪರಿಚಯವೆಂದು ಕೇಳಲು, ಏನೇನೂ ಇಲ್ಲವೆಂದು ಒಪ್ಪಿಕೊಂಡು, ಕಲಿತು ಬೋಧಿಸುವೆನೆಂದು ಉತ್ತರಿಸಿದರಂತೆ. ಯೂರೋಪಿನ ಇತಿಹಾಸವನ್ನು ಬೋಧಿಸಿದ್ದರೆ ಅವರ ಬದುಕು ಸುಲಭವಾಗುತ್ತಿತ್ತು. ಯಾರ ಮಕ್ಕಳಿಗೆ ಪಾಠ ಹೇಳಬೇಕೋ ಆ ಜನರ ಪೂರ್ವಿಕರನ್ನು ಮೊದಲು ಅರಿಯಬೇಕೆಂಬ ವಿನಯವನ್ನು ಅವರು ಆರಿಸಿಕೊಂಡರು. ಮುಂದಿನ ಮೂವತ್ತಮೂರು ವರ್ಷಗಳ ಸೇವೆಗೆ ಇದೇ ಬುನಾದಿಯಾಯಿತು.

1926ರಲ್ಲಿ ಅವರು ಕಾಲೇಜಿನಲ್ಲಿ ಭಾರತೀಯ ಇತಿಹಾಸ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಗ್ರಂಥ, ನಾಣ್ಯ, ಶಿಲ್ಪ, ಹಸ್ತಪ್ರತಿ, ಛಾಯಾಚಿತ್ರಗಳನ್ನು ಒಂದೊಂದಾಗಿ ಕೂಡಿಹಾಕಿದರು. ಗ್ರಂಥಾಲಯದ ಮೇಜಿನ ಮುಂದೆ ಕುಳಿತು ಬರೆದಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಪಾಳುಬಿದ್ದ ನೆಲೆಗಳನ್ನೂ ದೇಗುಲಗಳನ್ನೂ ಕಣ್ಣಾರೆ ಕಂಡು ಚಿತ್ರ ತೆಗೆದರು. ಮತಭೇದವೆಣಿಸದೆ ಹಿಂದೂ, ಕ್ರೈಸ್ತ ವಿದ್ಯಾರ್ಥಿಗಳನ್ನು ಸಂಶೋಧನೆಗೆ ತೊಡಗಿಸಿದರು.

ಅಂಥ ಶಿಷ್ಯರಲ್ಲಿ ಜಾರ್ಜ್ ಮೊರಾಯಸ್ ಒಬ್ಬರು. ಅವರು ಬರೆದ ಕದಂಬ ಕುಲವೆಂಬ ಇಂಗ್ಲಿಷ್ ಗ್ರಂಥವು 1931ರಲ್ಲಿ ಈ ಸಂಸ್ಥೆಯ ಗ್ರಂಥಮಾಲೆಯಲ್ಲಿಯೇ, ಹೆರಾಸರ ಮುನ್ನುಡಿಯೊಂದಿಗೆ ಹೊರಬಂದಿತು. ಬನವಾಸಿ, ಹಾನಗಲ್ಲು, ಗೋವೆಗಳ ಕದಂಬರ ಇತಿಹಾಸವನ್ನು ಶಾಸನಗಳ ಆಧಾರದಿಂದ ಒಂದೆಡೆ ಪೋಣಿಸಿ, ಅವರ ವಾಸ್ತುಶಿಲ್ಪದ ವೈಶಿಷ್ಟ್ಯವನ್ನು ಅದು ವಿವರಿಸಿತು. ಹಲಸಿ, ದೇಗಾಂವಗಳ ಗುಡಿಗಳನ್ನು ಕಟ್ಟಿದ ಮನೆತನವು ವಿದ್ವತ್ಪ್ರಪಂಚದಲ್ಲಿ ತನ್ನ ಸ್ಥಾನವನ್ನು ಪಡೆಯಿತು. ಕನ್ನಡ ನಾಡಿನ ಮೊದಲ ರಾಜವಂಶದ ಈ ಕಥನಕ್ಕೆ ಕಥೋಲಿಕ ಗುರುವೊಬ್ಬರ ಸಂಸ್ಥೆಯೇ ತವರಾದದ್ದು ನಾವು ನೆನೆಯಬೇಕಾದ ಸಂಗತಿ.

ಕದಂಬರ ಜಾಡು ಹೆರಾಸರನ್ನು ಗೋವೆಗೂ ಕೊಂಡೊಯ್ದಿತು. ಗೋವೆಯ ಕದಂಬರ ಆದಿ ರಾಜಧಾನಿಯಾದ ಚಂದ್ರಪುರವೇ ಇಂದಿನ ಚಾಂದೋರ್. ಅಲ್ಲಿ ಅವರು 1929ರಲ್ಲಿ ಉತ್ಖನನ ನಡೆಸಿ, ಪುರಾತನ ಶಿವಾಲಯವೊಂದರ ಅವಶೇಷಗಳನ್ನು ಬೆಳಕಿಗೆ ತಂದರು. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರ ಆಡಳಿತವು ಗೋವೆಯ ಎಷ್ಟೋ ಗುಡಿಗಳನ್ನು ಕೆಡವಿತ್ತು, ಮತ್ತು ಆ ಕಾರ್ಯದಲ್ಲಿ ಯೇಸುಸಭೆಯ ಗುರುಗಳ ಪಾತ್ರವೂ ಇತ್ತು. ಈ ನೋವಿನ ಸತ್ಯವನ್ನು ನಾವು ಮರೆಮಾಚುವಂತಿಲ್ಲ. ಅದೇ ಸಾಲಸೇಟೆಯ ಮಣ್ಣಿನಲ್ಲಿ, ಇನ್ನೂ ಪೋರ್ತುಗೀಜರ ಆಡಳಿತವಿರುವಾಗಲೇ, ಅದೇ ಸಭೆಯ ಗುರುವೊಬ್ಬರು ಶಿವಾಲಯದ ಅಡಿಪಾಯವನ್ನು ಗೌರವದಿಂದ ಅಗೆದು ತೆಗೆದರೆಂಬುದನ್ನು ನೆನೆದಾಗ ಮನಸ್ಸು ಮೂಕವಾಗುತ್ತದೆ.

ವಿಜಯನಗರದ ಇತಿಹಾಸಕ್ಕೂ ಹೆರಾಸರ ಕಾಣಿಕೆ ದೊಡ್ಡದು. 1927ರಲ್ಲಿ ಅವರು ಅರವೀಡು ವಂಶವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. 1565ರ ತಾಳಿಕೋಟೆಯ ಕಾಳಗದೊಂದಿಗೆ ಸಾಮ್ರಾಜ್ಯದ ಕಥೆ ಮುಗಿಯಿತೆಂದು ಸಾಮಾನ್ಯವಾಗಿ ಭಾವಿಸುತ್ತಿದ್ದ ಕಾಲವದು. ಅನಂತರವೂ ಮುಂದುವರಿದ ಅರಸುಮನೆತನದ ವೃತ್ತಾಂತವನ್ನು, ಚಂದ್ರಗಿರಿಯ ಆಸ್ಥಾನಕ್ಕೆ ಹೋಗಿದ್ದ ಯೇಸುಸಭೆಯ ಗುರುಗಳ ಪತ್ರಗಳನ್ನೂ ಬಳಸಿಕೊಂಡು ಅವರು ನಿರೂಪಿಸಿದರು. 1929ರ ಇನ್ನೊಂದು ಗ್ರಂಥದಲ್ಲಿ ವಿಜಯನಗರದ ಮೂಲವನ್ನು ಹೊಯ್ಸಳರ ಮೂರನೆಯ ವೀರಬಲ್ಲಾಳನೊಂದಿಗೆ ಜೋಡಿಸಿದರು. ವಿದ್ಯಾರಣ್ಯರು ನಗರವನ್ನು ಸ್ಥಾಪಿಸಿದರೆಂಬ ಕಥೆ ಬಹುಕಾಲದ ಅನಂತರ ಹುಟ್ಟಿದುದೆಂಬ ಅವರ ವಾದವು ನಾಡಿನಲ್ಲಿ ತೀವ್ರ ಚರ್ಚೆಗೆ ಕಾರಣವಾಯಿತು. ತಮಗೆ ಕಂಡುದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಟೀಕೆಗೆ ಎದೆಯೊಡ್ಡುವುದು ಅವರ ಸ್ವಭಾವವಾಗಿತ್ತು.

ಬದುಕಿನ ಉತ್ತರಾರ್ಧದಲ್ಲಿ ಅವರನ್ನು ಸೆಳೆದುದು ಸಿಂಧೂ ಕಣಿವೆಯ ಲಿಪಿ. ಮೊಹೆಂಜೊದಾರೊ ಮುದ್ರೆಗಳ ಭಾಷೆ ದ್ರಾವಿಡ ಮೂಲದ್ದೆಂದು ನಂಬಿ, ವರ್ಷಗಟ್ಟಲೆ ದುಡಿದು, 1953ರಲ್ಲಿ ಬೃಹತ್ ಗ್ರಂಥವೊಂದನ್ನು ಹೊರತಂದರು. ಅವರ ಓದನ್ನು ವಿದ್ವಾಂಸರು ಒಪ್ಪಲಿಲ್ಲ. ಆ ಲಿಪಿಯು ಇಂದಿಗೂ ಬಗೆಹರಿಯದೆ ಉಳಿದಿದೆ. ಆದರೂ ಅವರ ಒಂದು ಹೊಳಹು ಬಾಳಿತು. ದ್ರಾವಿಡ ನುಡಿಗಳಲ್ಲಿ ಮೀನು ಎಂಬ ಪದಕ್ಕೆ ನಕ್ಷತ್ರವೆಂಬ ಅರ್ಥವೂ ಇರುವುದರಿಂದ, ಮುದ್ರೆಗಳ ಮೇಲಣ ಮೀನಿನ ಚಿಹ್ನೆ ನಕ್ಷತ್ರವನ್ನು ಸೂಚಿಸುತ್ತಿರಬಹುದೆಂದು ಅವರು ಊಹಿಸಿದ್ದರು. ಮುಂದೆ ಫಿನ್‌ಲೆಂಡಿನ ವಿದ್ವಾಂಸ ಆಸ್ಕೊ ಪಾರ್ಪೋಲ ಅವರು ಇದನ್ನೇ ಕೈಗೆತ್ತಿಕೊಂಡು ಬೆಳೆಸಿದರು.

ಇಷ್ಟೆಲ್ಲ ಶಿಲೆ, ಶಾಸನಗಳ ನಡುವೆ ಹೆರಾಸರು ತಮ್ಮ ಗುರುತ್ವವನ್ನು ಮರೆತರೇ ಎಂದು ಯಾರಾದರೂ ಕೇಳಬಹುದು. ಕ್ರಿಸ್ತ ವಿಶ್ವಾಸವು ಭಾರತದಲ್ಲಿ ಭಾರತೀಯ ರೂಪದಲ್ಲಿಯೇ ಅರಳಬೇಕೆಂಬುದು ಅವರ ಹಂಬಲವಾಗಿತ್ತು. ಶಾಂತಿನಿಕೇತನದಲ್ಲಿ ಕಲಿತ ಗೋವೆಯ ಕಲಾವಿದ ಆಂಜೆಲೊ ದ ಫೊನ್ಸೆಕಾ ಅವರು ಮಾತೆ ಮರಿಯಮ್ಮನಿಗೆ ಸೀರೆಯುಡಿಸಿ ಚಿತ್ರಿಸಿದಾಗ ಸ್ವಜನರಿಂದಲೇ ವಿರೋಧ ಬಂದಿತು. ಆ ಕಲಾವಿದನಿಗೆ ಬೆಂಬಲವಾಗಿ ನಿಂತವರಲ್ಲಿ ಹೆರಾಸರು ಪ್ರಮುಖರು. ಇಂದು ನಮ್ಮ ಮನೆಗಳ ಗೋಡೆಯ ಮೇಲೆ ಸೀರೆಯುಟ್ಟ ಮಾತೆಯನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಆ ದಾರಿಯನ್ನು ಸವೆಸಿದವರು ಪಟ್ಟ ಪಾಡು ನಮಗೆ ತಿಳಿದಿರಬೇಕು.

ಹೆರಾಸರು 1955ರ ಡಿಸೆಂಬರ್ 14ರಂದು ಮುಂಬಯಿಯಲ್ಲಿ ದೈವಾಧೀನರಾದರು. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆಯು ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಸಾರಿದ್ದು 1965ರಲ್ಲಿ, ಅಂದರೆ ಅವರು ಗತಿಸಿ ಹತ್ತು ವರ್ಷಗಳಾದ ಮೇಲೆ. ಅವರು ಕಟ್ಟಿದ ಸಂಸ್ಥೆಗೆ ಅವರದೇ ಹೆಸರನ್ನಿಡಲಾಯಿತು. 1981ರಲ್ಲಿ ಭಾರತದ ಅಂಚೆ ಇಲಾಖೆಯು ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರತಂದಿತು. ಪರದೇಶದಲ್ಲಿ ಹುಟ್ಟಿದ ಗುರುವೊಬ್ಬರಿಗೆ ಈ ನಾಡು ಸಲ್ಲಿಸಿದ ಗೌರವವದು.

ಇಂಥವರ ಸ್ಮರಣೆಯನ್ನು ನಾವು ಹೇಗೆ ಆಚರಿಸಬೇಕು? ಬೆಳಗಾವಿ ಧರ್ಮಪ್ರಾಂತ್ಯದ ಕುಟುಂಬಗಳು ರಜಾದಿನಗಳಲ್ಲಿ ಮಕ್ಕಳೊಡನೆ ಕಿತ್ತೂರಿಗೆ ಹೋದಾಗ ದೇಗಾಂವವನ್ನೂ ಕಂಡು ಬರಲಿ. ಎಂಟುನೂರು ವರ್ಷಗಳ ಹಿಂದೆ ರಾಣಿಯೊಬ್ಬಳು ಕಟ್ಟಿಸಿದ ಆ ಶಿಲ್ಪವು ಮಕ್ಕಳಿಗೆ ತಮ್ಮ ನಾಡಿನದೇ ಸೊತ್ತೆಂದು ತಿಳಿಯಲಿ. ಅಂತೆಯೇ ನಮ್ಮ ಧರ್ಮಕೇಂದ್ರಗಳಲ್ಲಿರುವ ಹಳೆಯ ಜ್ಞಾನಸ್ನಾನದ ದಫ್ತರಗಳು, ಸಮಾಧಿಗಳ ಮೇಲಿನ ಬರಹಗಳು, ಅಜ್ಜಿಯರ ಬಾಯಲ್ಲಿ ಉಳಿದಿರುವ ಭಕ್ತಿಗೀತೆಗಳು ಗೆದ್ದಲಿಗೂ ಮರೆವಿಗೂ ತುತ್ತಾಗುವ ಮೊದಲು ನಮ್ಮ ಯುವಜನರು ಅವುಗಳನ್ನು ಬರೆದಿಡಲಿ. ಪರರ ಗುಡಿಯ ಕಲ್ಲನ್ನೂ ಗೌರವಿಸಿದ ಆ ಹಿರಿಯ ಗುರುವಿನ ಆತ್ಮಕ್ಕೆ ಪ್ರಭುವು ನಿತ್ಯಶಾಂತಿಯನ್ನು ದಯಪಾಲಿಸಲಿ.